ಗವಯ, ಹಸು ಮತ್ತು ಹದಿನೆಂಟು ಇಂಚಿನ ಟೈರ್

ಹಳೆಯ ಸ್ಪ್ಲೆಂಡರ್‌ಗೆ ಟೈರ್ ಹಾಕಿಸಲು ಹೋದವರಿಗೆ ಅಂಗಡಿಯಲ್ಲೊಂದು ತತ್ವಶಾಸ್ತ್ರದ ತಕರಾರು ಎದುರಾಗುತ್ತದೆ. ಸವೆದ ಟೈರಿನ ಪಕ್ಕೆಯ ಧೂಳು ಒರೆಸಿದರೆ ಕಾಣುವುದು 2.75-18. ಅಂಗಡಿಯವನು ಗೋಡೆಯಿಂದ ಇಳಿಸಿ ಕೊಡುವುದು 80/100-18. ಕೇಳಿದರೆ, ‘ಎರಡೂ ಒಂದೇ ಸಾರ್’ ಎಂಬ ಉತ್ತರ.

ಒಂದೇ ಹೇಗಾದೀತು?

ಲೆಕ್ಕವಂತೂ ಒಪ್ಪುವುದಿಲ್ಲ. 2.75 ಎಂಬುದು ಇಂಚಿನಲ್ಲಿ ಹೇಳಿದ ಅಗಲ. 25.4ರಿಂದ ಗುಣಿಸಿದರೆ 69.85 ಮಿ.ಮೀ., ಹೆಚ್ಚುಕಮ್ಮಿ 70. ಹೊಸ ಟೈರಿನ ಮೇಲಿರುವುದು 80. ಆದರೂ ಪರಿವರ್ತನಾ ಪಟ್ಟಿಗಳು 2.75ರ ಎದುರು 80 ಎಂದೇ ಬರೆಯುತ್ತವೆ. ಹೊಸ ಪದ್ಧತಿಯೂ ಅಷ್ಟೇನೂ ಶುದ್ಧವಲ್ಲ: ಮೊದಲ ಅಂಕಿ ಮಿಲಿಮೀಟರ್ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು, ಕೊನೆಯ 18 ಮಾತ್ರ ರಿಮ್ಮಿನ ವ್ಯಾಸ, ಇಂದಿಗೂ ಇಂಚಿನಲ್ಲೇ. ಹಾರ್ಲೆ ಡೇವಿಡ್‌ಸನ್ ಬೈಕುಗಳಲ್ಲಿ ಕಾಣುವ ಎಂಟಿ90-16 ಇನ್ನೂ ವಿಚಿತ್ರ. ಅಲ್ಲಿ ‘ಟಿ’ ಎಂಬ ಅಕ್ಷರವೇ ಅಗಲದ ಗುರುತು, ಪಟ್ಟಿಯಲ್ಲಿ ಅದರ ಜೋಡಿ 130/90-16. ಸಾಲದ್ದಕ್ಕೆ, ಟೈರಿನ ಅಗಲವನ್ನು ಅಳೆಯುವುದು ಗೊತ್ತುಮಾಡಿದ ರಿಮ್ಮಿಗೆ ತೊಡಿಸಿ, ಗಾಳಿ ತುಂಬಿದ ಮೇಲೆ. ರಿಮ್ ಕಿರಿದಾದರೆ ಟೈರೂ ಕಿರಿದಾಗುತ್ತದೆ. ಹಾಗಾಗಿ ಪಕ್ಕೆಯ ಮೇಲಿನ ಅಂಕಿಯನ್ನು ಅಳತೆ ಎನ್ನುವುದಕ್ಕಿಂತ ಹೆಸರು ಎನ್ನುವುದೇ ಸರಿ.

ಹೆಸರಿಗೂ ವಸ್ತುವಿಗೂ ಗಂಟು ಬೀಳುವುದು ಹೇಗೆ ಎಂಬ ಪ್ರಶ್ನೆಯನ್ನು ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಬಹಳ ಹಿಂದೆಯೇ ಎತ್ತಿದ್ದರು. ಅವರ ಹೆಸರಾಂತ ಉದಾಹರಣೆಯಲ್ಲಿ ಕಾಡಿನವನೊಬ್ಬ ಊರಿನವನಿಗೆ ‘ಗವಯ ಎಂಬುದು ಹಸುವಿನ ಹಾಗಿರುತ್ತದೆ’ ಎನ್ನುತ್ತಾನೆ. ಮುಂದೊಮ್ಮೆ ಕಾಡಿಗೆ ಹೋದ ಊರಿನವನಿಗೆ ಹಸುವಿನಂಥ ಪ್ರಾಣಿ ಕಾಣುತ್ತದೆ, ಕೇಳಿದ ಮಾತು ನೆನಪಾಗುತ್ತದೆ, ‘ಇದೇ ಗವಯ’ ಎಂದು ತಿಳಿಯುತ್ತದೆ. ಈ ಬಗೆಯ ಅರಿವಿಗೆ ಅವರು ಉಪಮಾನವೆಂಬ ಪ್ರತ್ಯೇಕ ಪ್ರಮಾಣದ, ಅಂದರೆ ಅರಿವಿನ ಸಾಧನದ, ಪಟ್ಟ ಕೊಟ್ಟರು. ವೈಶೇಷಿಕರು ಒಪ್ಪಲಿಲ್ಲ, ಇದೂ ಒಂದು ಅನುಮಾನವೇ, ತರ್ಕದಿಂದ ಊಹಿಸಿ ತಿಳಿಯುವುದೇ ಎಂದರು. ಮಧ್ವಮತಕ್ಕೂ ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರೇ ಸಾಕು.

ಜಗಳ ಏನೇ ಇರಲಿ, ಸಾದೃಶ್ಯಕ್ಕೆ ಶಾಸ್ತ್ರಕಾರರು ಹಾಕಿದ ಷರತ್ತು ಗಟ್ಟಿಯಾದದ್ದು: ಎರಡು ವಸ್ತುಗಳು ಮೊದಲು ಬೇರೆ ಬೇರೆ ಆಗಿರಬೇಕು, ಆಮೇಲೆ ಹಲವು ಗುಣಗಳಲ್ಲಿ ಹೊಂದಬೇಕು. ಗವಯವನ್ನು ಹಸುವೆಂದು ಕೊಟ್ಟಿಗೆಗೆ ಕಟ್ಟಲು ಯಾರೂ ಹೇಳಿಲ್ಲ. ಟೈರ್ ಪಟ್ಟಿ ಹೇಳುವುದೂ ಇಷ್ಟೇ: ‘ಅದರ ಹಾಗೆ ಇದು’. ಗುಣಾಕಾರ ಮಾಡಿ ತಕರಾರು ತೆಗೆಯುವವರು ಸಾದೃಶ್ಯದಲ್ಲಿ ಸಮೀಕರಣ ಹುಡುಕುತ್ತಾರೆ. ಪಂಚಭೇದದಲ್ಲಿ ಜಡಕ್ಕೂ ಜಡಕ್ಕೂ ಭೇದ ಹೇಳಿದ ಉಡುಪಿಯ ಮಧ್ವಾಚಾರ್ಯರ ಪ್ರಕಾರವಂತೂ ಒಂದೇ ಅಂಕಿಯ ಎರಡು ಟೈರುಗಳೂ ಬೇರೆಯೇ. ಎರಡು ಕಂಪನಿಗಳ ಒಂದೇ ಸೈಜನ್ನು ಅಳೆದು ನೋಡಿದ ಮೆಕ್ಯಾನಿಕ್ಕುಗಳೂ ಇದಕ್ಕೆ ತಲೆದೂಗಿಯಾರು.

ಹಾಗಾದರೆ ಕೇಳಬೇಕಾದದ್ದು ‘ಯಾವುದರಲ್ಲಿ ಒಂದೇ?’ ಎಂದು. 80/100-18ರ ಪಕ್ಕದಲ್ಲಿ 90/90-18 ಇಟ್ಟು ನೋಡಬಹುದು. ಲೆಕ್ಕದಂತೆ ಮೊದಲನೆಯದರ ಹೊರವ್ಯಾಸ 617.2 ಮಿ.ಮೀ., ಎರಡನೆಯದರದ್ದು 619.2. ಮುಂದಿನ ಚಕ್ರದಿಂದ ಓಡುವ ಸ್ಪೀಡೋಮೀಟರಿಗೆ ಇದು ನೂರು ಕಿಲೋಮೀಟರಿಗೆ ಸುಮಾರು 300 ಮೀಟರ್ ವ್ಯತ್ಯಾಸ, ಲೆಕ್ಕಕ್ಕಿಲ್ಲದ್ದು. ಅದರ ಮಟ್ಟಿಗೆ ಎರಡೂ ಒಂದೇ. ಹಿಂದಿನ ಚಕ್ರದ ಎಡಬಲದಲ್ಲಿ, ಬೆರಳು ತೂರಿಸಿ ಜಾಗ ನೋಡುವ ಇಕ್ಕಟ್ಟಿನಲ್ಲಿ, 10 ಮಿ.ಮೀ. ಅಗಲ ಬೇರೆಯೇ ಮಾತು. ಚೈನ್ ಕವರಿಗೆ ಉಜ್ಜಲು ಅಷ್ಟೇ ಸಾಕಾದೀತು. ಒಂದೇ ಜೋಡಿ, ಎರಡು ತೀರ್ಪು. ಎರಡೂ ನಿಜ.

ಅಂಗಡಿಯವನ ಮಾತು 2.75-18ರ ಮಟ್ಟಿಗೆ ಸರಿಯೇ. ಸ್ಪ್ಲೆಂಡರ್ ತಯಾರಕರೇ ಮುಂದೆ 80/100-18ಕ್ಕೆ ಬಂದರು. ಅದಕ್ಕಿಂತ ದಪ್ಪನೆಯದನ್ನು ಶೋಕಿಗೆ ಹಾಕಿಸುವವರು ಬೈಕಿನ ಕೈಪಿಡಿಯನ್ನೂ ರಿಮ್ಮಿನ ಅಗಲವನ್ನೂ ಮೊದಲು ನೋಡಲಿ. ಸೈಜಿನ ಪಕ್ಕದ ಚಿಕ್ಕ ಅಂಕಿಯನ್ನೂ ಮರೆಯಬಾರದು: 47 ಎಂದಿದ್ದರೆ ಆ ಟೈರ್ ಹೊರುವುದು 175 ಕೆ.ಜಿ., 54 ಎಂದಿದ್ದರೆ 212 ಕೆ.ಜಿ.