ಜಾಣ ಕುರುಡಿಗೊಂದು ಇಂಗ್ಲಿಷ್ ಕ್ರಿಯಾಪದ

ಇಪ್ಪತ್ತು ವರ್ಷದಿಂದ ಇಂಗ್ಲಿಷಿನಲ್ಲೇ ಅನ್ನ ದುಡಿಯುತ್ತಿದ್ದೇನೆ. ಆದರೂ ನಮ್ಮ ವೃತ್ತಿಗೆ ಬೇಕಾಗುವ ಕ್ರಿಯಾಪದಗಳು ಬೆರಳೆಣಿಕೆಯಷ್ಟು. ಅಲೈನ್, ಎಸ್ಕಲೇಟ್, ಡೆಲಿವರ್, ಕ್ಲೋಸ್: ಇಷ್ಟರಲ್ಲೇ ದಿನ ಕಳೆಯುತ್ತದೆ. ಹಾಗಾಗಿ ಮೂರು ವರ್ಷದ ಹಿಂದೆ ಗ್ರಾಹಕ ಕಂಪನಿಯಿಂದ ಬಂದ ವರದಿಯ ಕರಡಿನಲ್ಲಿ ನನ್ನ ಹುದ್ದೆಯ ಪಕ್ಕದಲ್ಲೇ 'ಕನೈವ್' ಎಂಬ ಕ್ರಿಯಾಪದ ಕಂಡಾಗ ಮೈಯೆಲ್ಲ ಉರಿಯಿತು. ನನಗೆ ಗೊತ್ತಿದ್ದ ಅರ್ಥ ಒಂದೇ, ಒಳಸಂಚು ಮಾಡುವುದು. ನಾನು ಯಾರ ಜೊತೆ ಸಂಚು ಮಾಡಿದ್ದೆ?

ನಡೆದದ್ದು ಇಷ್ಟು. ಪುಣೆಯ ನಮ್ಮ ತಂಡ ಗೋದಾಮಿನ ಕೆಲಸಗಾರರ ಹಾಜರಿ ಮತ್ತು ಓವರ್‌ಟೈಮ್ ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾಡುತ್ತಿತ್ತು. ಬಿಡುಗಡೆಯ ಹಿಂದಿನ ರಾತ್ರಿ ಮನೆಯಲ್ಲಿ ಕೂತು ಟೆಸ್ಟ್ ಫಲಿತಾಂಶ ನೋಡುತ್ತಿದ್ದೆ. 62 ಟೆಸ್ಟುಗಳು 9 ನಿಮಿಷದಲ್ಲಿ 'ಪಾಸ್' ಆಗಿದ್ದವು. ಅವು ಯಂತ್ರ ಓಡಿಸುವ ಟೆಸ್ಟುಗಳಲ್ಲ, ಮನುಷ್ಯ ಕೂತು ಮಾಡಬೇಕಾದವು. ಒಂದೊಂದಕ್ಕೇ ಹತ್ತು ನಿಮಿಷ ಬೇಕು. ಅದನ್ನು ಮಾಡಬೇಕಿದ್ದ ಹುಡುಗ ಗುತ್ತಿಗೆಯ ಮೇಲೆ ಬಂದವನು, ಎರಡು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಏನಾಗಿದೆಯೆಂದು ನನಗೆ ಅರ್ಥವಾಯಿತು. ಆದರೆ ಪರದೆಯ ಮೇಲೆ ಎಲ್ಲವೂ ಹಸಿರಾಗಿತ್ತು. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ, ಬೆಳಿಗ್ಗೆ ಬಿಡುಗಡೆಗೆ ಒಪ್ಪಿಗೆ ಕೊಟ್ಟೆ. ನಡುರಾತ್ರಿ ದಾಟಿದ ಗಂಟೆಗಳನ್ನು ಆ ಸಾಫ್ಟ್‌ವೇರ್ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ರಾತ್ರಿಪಾಳಿಯವರಿಗೆ ಎರಡು ತಿಂಗಳು ಓವರ್‌ಟೈಮ್ ಕಡಿಮೆ ಬಂತು.

ಜಗಳಕ್ಕೆ ಸಿದ್ಧನಾಗಿಯೇ ನಿಘಂಟು ತೆರೆದೆ. ಕರಡಿನಲ್ಲಿ ಆ ಪದದ ಬೆನ್ನಿಗೆ 'ಆ್ಯಟ್' ಎಂದಿತ್ತು. 'ಕನೈವ್ ವಿತ್' ಎಂದರೆ ಒಬ್ಬರ ಜೊತೆ ಸೇರಿ ಸಂಚು ಹೂಡುವುದು. 'ಕನೈವ್ ಆ್ಯಟ್' ಎಂದರೆ ತಪ್ಪನ್ನು ಕಂಡೂ ಕಾಣದಂತಿರುವುದು. 17ನೇ ಶತಮಾನದ ಆರಂಭದ ಇಂಗ್ಲಿಷಿನಲ್ಲಿ ಆ ಪದಕ್ಕಿದ್ದದ್ದು ಈ ಎರಡನೆಯ ಅರ್ಥವೇ. ಅದರ ಮೂಲ 'ಕಣ್ಣು ಮುಚ್ಚು' ಎನ್ನುವ ಲ್ಯಾಟಿನ್ ಪದ. ಸಸ್ಯಶಾಸ್ತ್ರದವರು ಇಂದಿಗೂ ಹೂವಿನ ಕೇಸರಗಳು ಒಂದರತ್ತ ಒಂದು ಬಾಗಿ, ಬೆಸೆದುಕೊಳ್ಳದೆ ತುದಿ ತಾಗಿಸಿ ನಿಂತಿದ್ದರೆ 'ಕನೈವೆಂಟ್' ಎನ್ನುತ್ತಾರೆ. ಎರಡು ರೆಪ್ಪೆಗಳು ಕೂಡುವ ಹಾಗೆ.

ನಮ್ಮಲ್ಲಿ ಇದಕ್ಕೆ ಎಷ್ಟು ಚೆನ್ನಾದ ಮಾತಿದೆ ನೋಡಿ: ಜಾಣ ಕುರುಡು. ಇದರ ಅಣ್ಣತಮ್ಮಂದಿರು ಜಾಣ ಕಿವುಡು, ಜಾಣ ಮರೆವು. ಕುರುಡಿನ ಹಿಂದೆ ಲೆಕ್ಕಾಚಾರ ಇದೆ ಎಂಬುದನ್ನು ಕನ್ನಡ ಒಂದೇ ವಿಶೇಷಣದಲ್ಲಿ ಹೇಳಿ ಮುಗಿಸಿತು. ಆದರೆ ಈ ಮಾತನ್ನು ನಾವು ಬಳಸುವುದು ಎಲ್ಲಿ? ಪತ್ರಿಕೆಯ ತಲೆಬರಹಗಳಲ್ಲಿ, ಅಧಿಕಾರಿಗಳ ಬಗ್ಗೆ, ಪಾಲಿಕೆಯ ಬಗ್ಗೆ. 'ನಾನು ಜಾಣ ಕುರುಡನಾಗಿದ್ದೆ' ಎಂದು ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಕಾನೂನಿಗೆ ಈ ಪದದ ಮೇಲೆ ಮೊದಲಿಂದಲೂ ಕಣ್ಣಿದೆ. 1955ರ ಹಿಂದೂ ವಿವಾಹ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಸಂಗಾತಿಯ ವ್ಯಭಿಚಾರದ ಕಾರಣ ಕೊಟ್ಟು ವಿಚ್ಛೇದನ ಕೇಳುವವರು ಅದಕ್ಕೆ ತಾವೇ ಕನೈವ್ ಆಗಿರಬಾರದು. ನಮ್ಮ ಕ್ಷೇತ್ರದ್ದೇ ಆದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 85ನೇ ಸೆಕ್ಷನ್, ಕಂಪನಿ ತಪ್ಪು ಮಾಡಿದಾಗ ಅದರ ನಿರ್ದೇಶಕರೋ ಮ್ಯಾನೇಜರರೋ ಹೊಣೆಯಾಗುವ ಮೂರು ದಾರಿಗಳನ್ನು ಹೇಳುತ್ತದೆ: ಸಮ್ಮತಿ, ಕನೈವೆನ್ಸ್, ನಿರ್ಲಕ್ಷ್ಯ. ಸಮ್ಮತಿಯಲ್ಲಿ ಮನುಷ್ಯ ಹೂಂ ಎಂದಿರುತ್ತಾನೆ. ನಿರ್ಲಕ್ಷ್ಯದಲ್ಲಿ ನೋಡಬೇಕಾದದ್ದನ್ನು ನೋಡಿರುವುದಿಲ್ಲ. ನಡುವಿನದು ನನ್ನ ಜಾಗ. ನೋಡಿದ್ದೆ, ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಇಲ್ಲಿ ನನ್ನೊಳಗಿನ ಮ್ಯಾನೇಜರ್ ತಕರಾರು ಎತ್ತುತ್ತಾನೆ. ಕಣ್ಣು ಮುಚ್ಚದೆ ಸಂಸಾರ ನಡೆಯುತ್ತದೆಯೇ, ತಂಡ ನಡೆಯುತ್ತದೆಯೇ? ದಮಯಂತಿಯ ಸ್ವಯಂವರದಲ್ಲಿ ನಳನ ರೂಪದಲ್ಲೇ ದೇವತೆಗಳೂ ನಿಂತಿದ್ದರಲ್ಲ, ಆಕೆ ಮನುಷ್ಯನನ್ನು ಗುರುತಿಸಿದ ಲಕ್ಷಣಗಳಲ್ಲಿ ಒಂದು, ಅವನ ರೆಪ್ಪೆ ಬಡಿಯುತ್ತಿತ್ತು ಎಂಬುದು. ದೇವತೆಗಳು ಅನಿಮಿಷರು. ಎವೆಯಿಕ್ಕದೆ ಎಲ್ಲವನ್ನೂ ನೋಡುತ್ತಲೇ ಇರುವವರ ಜೊತೆ ಬಾಳುವುದು ಕಷ್ಟ.

ಅಪ್ಪನದು ಅರಸೀಕೆರೆಯಲ್ಲಿ ಕಿರಾಣಿ ಅಂಗಡಿ. ಕೆಲಸಕ್ಕಿದ್ದ ಹುಡುಗ ಬೆಲ್ಲದ ಅಚ್ಚು ಮುರಿದು ಚಡ್ಡಿ ಜೇಬಿಗೆ ಹಾಕಿಕೊಳ್ಳುವುದನ್ನು ನಾನು ಕಂಡಿದ್ದೆ, ಅಪ್ಪನೂ ಕಂಡಿದ್ದರು. ಗಿರಾಕಿಗಳ ಮುಂದೆ ಒಂದು ಮಾತೂ ಆಡಲಿಲ್ಲ. ಅಪ್ಪ ಹೆದರಿದರೇನೋ ಎಂದುಕೊಂಡೆ. ರಾತ್ರಿ ಬಾಗಿಲು ಹಾಕುವಾಗ ಎರಡು ಅಚ್ಚು ಬೆಲ್ಲ ಕಾಗದದಲ್ಲಿ ಕಟ್ಟಿ ಅವನ ಕೈಗಿಟ್ಟು, "ಬೇಕಾದ್ರೆ ಕೇಳಿ ತಗೊಳೋ, ನಿಮ್ಮಮ್ಮಂಗೂ ಕೊಡು" ಅಂದರು. ಹುಡುಗ ತಲೆ ತಗ್ಗಿಸಿದ. ಆಮೇಲೂ ಅವನು ಆರು ವರ್ಷ ನಮ್ಮಲ್ಲೇ ಇದ್ದ.

ಹೊರಗಿನಿಂದ ನೋಡಿದರೆ ಅಪ್ಪನೂ ಕಣ್ಣು ಮುಚ್ಚಿದರು, ನಾನೂ ಮುಚ್ಚಿದೆ. ಆದರೆ ಅಪ್ಪ 'ನೋಡಿದ್ದೇನೆ' ಎಂಬುದನ್ನು ಆ ಹುಡುಗನಿಗೆ ತಲುಪಿಸಿದರು. ನಷ್ಟ ತಮ್ಮ ಬೆಲ್ಲದ್ದೇ. ನನಗೆ ಬೇಕಾಗಿದ್ದದ್ದು ನಾಳೆ ಯಾರಾದರೂ ಕೇಳಿದರೆ 'ನೋಡಿರಲಿಲ್ಲ' ಎನ್ನುವ ಅನುಕೂಲ. ನಷ್ಟ ನಾನು ಎಂದೂ ಭೇಟಿಯಾಗದ ರಾತ್ರಿಪಾಳಿಯವರದ್ದು. ಕ್ಷಮೆಗೆ ಕಂಡದ್ದನ್ನು ಒಪ್ಪಿಕೊಳ್ಳಲು ಅಂಜಿಕೆಯಿಲ್ಲ. ಜಾಣ ಕುರುಡಿಗೆ ಅದೊಂದೇ ಅಂಜಿಕೆ.

ಆ ಅನುಕೂಲವನ್ನು ನಾನು ಬಳಸಿಕೊಂಡೆ. ಪದದ ಅರ್ಥ ತಿಳಿದ ಮೇಲೂ ಕರಡಿಗೆ ಆಕ್ಷೇಪ ಬರೆದೆ. ನಾಲ್ಕು ಮೇಲ್‌ಗಳ ನಂತರ 'ಕನೈವ್' ಹೋಗಿ 'ಓವರ್‌ಲುಕ್' ಬಂತು. ಕಣ್ತಪ್ಪಿನಿಂದ ಬಿಟ್ಟುಹೋಯಿತು ಎಂದರ್ಥ. ಕಾನೂನಿನ ಮೂರು ದಾರಿಗಳಲ್ಲಿ ಎರಡನೆಯದರಿಂದ ಮೂರನೆಯದಕ್ಕೆ ಸರಿದುಕೊಂಡೆ. ಕೆಲಸಗಾರರ ಬಾಕಿ ಹಣ ಸಂದಾಯವಾಯಿತು. ಸುಳ್ಳು ಫಲಿತಾಂಶ ತುಂಬಿದ್ದಕ್ಕೆ ಹುಡುಗನ ಗುತ್ತಿಗೆ ರದ್ದಾಯಿತು. ಆ ವರ್ಷ ನನ್ನ ಅಪ್ರೈಸಲ್‌ಗೆ ಏನೂ ತೊಂದರೆಯಾಗಲಿಲ್ಲ.

ಕಣ್ಣು ಮುಚ್ಚುವುದು ಎಂಬ ಅರ್ಥದ ಪದ ಸಂಚು ಹೂಡುವುದು ಎಂಬ ಅರ್ಥಕ್ಕೆ ಹೇಗೆ ಜಾರಿತು ಎಂಬುದು ಮಾತ್ರ ನನ್ನನ್ನು ಕಾಡುತ್ತಲೇ ಇತ್ತು. ಬಳಸುವವರ ಅಜಾಗ್ರತೆ ಎಂದುಕೊಂಡಿದ್ದೆ. ಸಂಚಿಗೆ ಇಬ್ಬರು ಬೇಕು, ಮಾತುಕತೆ ಬೇಕು. ಅಂದು ರಾತ್ರಿ ನಾನು ಒಬ್ಬನೇ ಇದ್ದೆ.

ಕಳೆದ ತಿಂಗಳು ಆ ಹುಡುಗನಿಗೆ ಫೋನ್ ಮಾಡಿದೆ. ಈಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಅವತ್ತು ರಾತ್ರಿ ನಾನು ಎಲ್ಲ ನೋಡಿದ್ದೆ, ಹೇಳಬೇಕಿತ್ತು, ಹೇಳಲಿಲ್ಲ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿರಲಿಲ್ಲ. ಆಮೇಲೆ ಹಿಂದಿಯಲ್ಲಿ, ಗೊತ್ತು ಸರ್, ಆ ಪುಟದ ಮೇಲೆ ನಿಮ್ಮ ಹೆಸರು ಆನ್‌ಲೈನ್ ಅಂತ ತೋರಿಸ್ತಿತ್ತು, ಬೈಯೋಕೆ ಫೋನ್ ಮಾಡ್ತೀರಿ ಅಂತ ಒಂದು ಗಂಟೆವರೆಗೆ ಕಾದಿದ್ದೆ, ಮಾಡಲಿಲ್ಲವಲ್ಲ, ಹಾಗಾದರೆ ನಡೆಯುತ್ತೆ ಅಂದುಕೊಂಡು ಮಲಗಿದೆ ಎಂದ.

ಅಂದರೆ ನಾನು ಒಬ್ಬನೇ ಇರಲಿಲ್ಲ. ಪುಣೆಯ ಎರಡು ಮನೆಗಳಲ್ಲಿ ಇಬ್ಬರು ಒಂದೇ ಪುಟ ನೋಡುತ್ತ ಕೂತಿದ್ದೆವು, ಮಾತಿಲ್ಲದೆ ಒಪ್ಪಂದ ಆಗಿಹೋಗಿತ್ತು. ಮೊದಲ ಕರಡಿನಲ್ಲಿ ಆ ಪದ ಬರೆದವರು ಯಾರೋ ಗೊತ್ತಿಲ್ಲ. ಅವರು ಸರಿಯಾಗಿಯೇ ಬರೆದಿದ್ದರು.