ಯಂತ್ರ ಅವಳದು, ದರ ಯಾರದು?

ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಹಂಚುವ ಫೋಟೋಗಳನ್ನು ನಾವೆಲ್ಲ ನೋಡಿದ್ದೇವೆ. ಯಂತ್ರ ಮನೆಗೆ ಬಂದರೆ ಸ್ವಾತಂತ್ರ್ಯವೂ ಬಂದಂತೆಯೇ?

ಅಹಮದಾಬಾದಿನಲ್ಲಿ ಗಿರಣಿಯ ಚಿಂದಿ ಜೋಡಿಸಿ, ನಮ್ಮ ಕೌದಿಯ ಹಾಗೆ, ರಜಾಯಿಯ ಹೊದಿಕೆ ಹೊಲಿಯುವ ಹೆಂಗಸರಿದ್ದರು. ಯಂತ್ರವಿತ್ತು, ಕಸುಬೂ ಗೊತ್ತಿತ್ತು. ಆದರೆ ಚಿಂದಿ ಕೊಡುವವನೂ ಹೊದಿಕೆ ಕೊಳ್ಳುವವನೂ ಒಬ್ಬನೇ ವ್ಯಾಪಾರಿ. ಅವನು ಹೇಳಿದ್ದೇ ದರ. 1972ರಲ್ಲಿ ಇಳಾ ಭಟ್ ಇಂಥ ದುಡಿಯುವ ಹೆಂಗಸರಿಗಾಗಿ ‘ಸೇವಾ’ ಕಟ್ಟಿದಾಗ, ಮಾಲೀಕನೇ ಇಲ್ಲದವರಿಗೆ ಕಾರ್ಮಿಕ ಸಂಘವೇಕೆ ಎಂಬ ಆಕ್ಷೇಪ ಸರ್ಕಾರದಿಂದಲೇ ಬಂತು. 1974ರಲ್ಲಿ ನಾಲ್ಕು ಸಾವಿರ ಸದಸ್ಯೆಯರು ತಲಾ 10 ರೂಪಾಯಿ ಹಾಕಿ ಸ್ವಂತ ಸಹಕಾರಿ ಬ್ಯಾಂಕ್ ತೆರೆದರು. ಚಿಂದಿ ಹೊಲಿಯುವವರೂ ಮುಂದೆ ತಮ್ಮದೇ ಸಹಕಾರ ಸಂಘ ಮಾಡಿಕೊಂಡರು.

ಪ್ರಾಜೆಕ್ಟ್ ಮ್ಯಾನೇಜರ್ ಆದ ನಾನು ದಿನವೂ ಇತರರ ಗಂಟೆಗಳನ್ನು ಲೆಕ್ಕ ಹಾಕುತ್ತೇನೆ. ನನ್ನ ಗಂಟೆಯ ಬೆಲೆ ಇನ್ನೆಲ್ಲೋ ನಿಗದಿಯಾಗುತ್ತದೆ. ಸಂಬಳ ದೊಡ್ಡದು, ಅದರ ಮೇಲೆ ನನ್ನ ಮಾತು ಸಣ್ಣದು. ಆದ್ದರಿಂದ, ಯಾರ ಹಂಗೂ ಇಲ್ಲದಿರುವುದೇ ಆರ್ಥಿಕ ಸ್ವಾತಂತ್ರ್ಯ ಎಂಬುದನ್ನು ನಾನು ಒಪ್ಪಲಾರೆ. ಹಂಗು ಎಲ್ಲರಿಗೂ ಇದೆ. ವ್ಯಾಪಾರಿಯ ಹಂಗಿನಲ್ಲಿ ಅವಳು ಒಬ್ಬಳೇ, ಬಾಯಿ ಕಟ್ಟಿರುತ್ತದೆ. ಜೊತೆಗಾತಿಯರ ಹಂಗಿನಲ್ಲಿ ದರದ ಮಾತು ಬಂದಾಗ ಅವಳೂ ಬಾಯಿ ತೆರೆಯಬಹುದು. ಯಂತ್ರ ಹಂಚುವವರು ಆ ಜೊತೆಯನ್ನೂ ಕಟ್ಟಿಕೊಡುತ್ತಿದ್ದಾರೆಯೇ?