ವೇದನಾಪೀಡಿತ ಕಾಯವೂ ಕಾಯಕಧರ್ಮವೂ

ಕಾಯಕವು ಶರಣಧರ್ಮದ ಜೀವನಾಡಿ. ಹಾಗಾದರೆ ಕಾಯವೇ ಅನುದಿನವೂ ನೋವಿನಿಂದ ನರಳುತ್ತಿದ್ದರೆ, ಕಾಯಕವು ಕುಂದಿದಷ್ಟೂ ಭಕ್ತಿಯೂ ಕುಂದಿತೆಂದು ತಿಳಿಯಬೇಕೆ? ಮುರಿದ ಕಾಲಿಗೆ, ಜ್ವರದ ಮೈಗೆ ಲೋಕವು ಧಾರಾಳವಾಗಿ ವಿರಾಮವನ್ನು ಕೊಡುತ್ತದೆ. ಕಣ್ಣಿಗೆ ಕಾಣದ ವ್ಯಾಧಿಯುಳ್ಳವರಿಗೇ ಈ ಪ್ರಶ್ನೆ ಮುಳ್ಳಾಗಿ ಚುಚ್ಚುವುದು.

ವೈದ್ಯರು ಫೈಬ್ರೊಮಯಾಲ್ಜಿಯವೆಂದು ಕರೆಯುವ ವ್ಯಾಧಿ ಅಂಥದು. ತಿಂಗಳುಗಟ್ಟಲೆ ಮೈಯೆಲ್ಲ ನೋವು. ನಿದ್ರಿಸಿ ಎದ್ದರೂ ಆರದ ದಣಿವು. ಮರೆವು, ಮನಸ್ಸಿನ ಮಂಕು. ಸ್ತ್ರೀಯರಲ್ಲಿಯೇ ಹೆಚ್ಚಾಗಿ ಕಂಡುಬರುವ ಇದರ ಗುರುತು ರಕ್ತಪರೀಕ್ಷೆಯಲ್ಲಾಗಲಿ ಎಕ್ಸರೇ ಚಿತ್ರದಲ್ಲಾಗಲಿ ದೊರೆಯದು. ಕೀಲುಗಳು ಸವೆದು ಬರುವ ನೋವು ಇದಲ್ಲ. ನೋವನ್ನರಿಯುವ ಮೆದುಳು-ನರಗಳ ವ್ಯವಸ್ಥೆಯೇ ಅತಿಸೂಕ್ಷ್ಮವಾಗಿ, ಅಲ್ಪ ಒತ್ತಡವನ್ನೂ ವೇದನೆಯಾಗಿ ಗ್ರಹಿಸುವುದೆಂದು ತಜ್ಞರ ಅಭಿಪ್ರಾಯ. 1990ರಲ್ಲಿ ಅಮೆರಿಕದ ಸಂಧಿವಾತತಜ್ಞರ ಸಂಸ್ಥೆಯು ಇದನ್ನು ಗುರುತಿಸುವ ಕ್ರಮವನ್ನೇ ನಿರೂಪಿಸಿತು. ಆದರೂ ಇದು ಸೋಮಾರಿತನವೆಂದು ಮನೆಮಂದಿಯೇ ಆಡಿಕೊಳ್ಳುವುದುಂಟು. ಕಾಣದುದನ್ನು ಇಲ್ಲವೆನ್ನುವವರು ನಿರಾಕಾರ ಶಿವನನ್ನು ನಂಬಿದವರೆಂದು ಹೇಳಿಕೊಳ್ಳುವುದು ಸೋಜಿಗವೇ ಸರಿ!

ಈ ನಿಂದೆಗೆ ಅಂಜಿದ ಗೃಹಿಣಿಯು, ನೋವು ತುಸು ತಗ್ಗಿದ ದಿನ ಬಟ್ಟೆಯನ್ನೆಲ್ಲ ಒಗೆದು, ರೊಟ್ಟಿ ಬಡಿದು, ಅಟ್ಟ ಗುಡಿಸಿ, ವಾರದ ಕೆಲಸವನ್ನು ಒಂದೇ ಹಗಲಿನಲ್ಲಿ ಮುಗಿಸುವಳು. ಮರುದಿನದಿಂದ ಹಾಸಿಗೆ. ಮಲಗಿದಷ್ಟೂ ಸ್ನಾಯುಗಳ ಬಲ ಕುಂದಿ, ಎದ್ದಾಗ ಅದೇ ಕೆಲಸ ಮೊದಲಿಗಿಂತ ಭಾರವಾಗುವುದು. ಅತಿಶ್ರಮವೂ ಅತಿವಿಶ್ರಾಂತಿಯೂ ಹೀಗೆ ಒಂದನ್ನೊಂದು ಪೋಷಿಸುತ್ತವೆ.

ಆಯ್ದಕ್ಕಿ ಮಾರಯ್ಯನ ಚರಿತೆ ಇಲ್ಲಿ ನೆನೆಯತಕ್ಕದ್ದು. ನಿತ್ಯದ ಅಳತೆಗೆ ಮಿಗಿಲಾಗಿ ತಂದ ಅಕ್ಕಿಯನ್ನು ಲಕ್ಕಮ್ಮನು ಮರಳಿ ಸುರಿದು ಬರುವಂತೆ ಹೇಳಿದಳು. ಇದನ್ನು ಧನದಾಸೆಯ ನಿಷೇಧವೆಂದು ವಿವರಿಸುವುದು ವಾಡಿಕೆ, ತಪ್ಪಲ್ಲ. ಆದರೆ ಕಾಯಕಕ್ಕೂ ದಿನದ ಅಳತೆಯೊಂದಿದೆಯೆಂಬ ಅರ್ಥವೂ ಅದರಲ್ಲಿ ಅಡಗಿದೆ. ನೋವು ತಗ್ಗಿದ ದಿನದ ಹುರುಪು ಆ ಹೆಚ್ಚಿನ ಅಕ್ಕಿಯಂಥದು. ಅದನ್ನೆಲ್ಲ ಅಂದೇ ಬಾಚಿಕೊಳ್ಳುವುದು ನಿಷ್ಠೆಯ ವೇಷ ತೊಟ್ಟ ಆಸೆ. ಹಾಗೆಂದು ಮೈಚೆಲ್ಲಿ ಕೂಡುವಂತೆಯೂ ಇಲ್ಲ. ಗೋಷ್ಠಿಯಲ್ಲಿ ಮೈಮರೆತ ಪತಿಯನ್ನು ಎಚ್ಚರಿಸಿ ಕಾಯಕಕ್ಕೆ ಕಳುಹಿದವಳೂ ಆ ಲಕ್ಕಮ್ಮನೇ.

ಯುರೋಪಿನ ಸಂಧಿವಾತತಜ್ಞರು 2017ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿ ದೃಢವಾಗಿ ಬೆಂಬಲಿಸಿದ ಉಪಾಯ ವ್ಯಾಯಾಮವೊಂದೇ. ಆದರೆ ಅದಕ್ಕೂ ಮಿತಿ ಬೇಕು. ಮೊದಲು ಐದು ನಿಮಿಷ ನಡೆಯುವುದು. ಮೈಗೆ ಒಗ್ಗಿದ ಮೇಲೆ ಒಂದೆರಡು ನಿಮಿಷ ಕೂಡಿಸುವುದು. ಆರಂಭದಲ್ಲಿ ನೋವು ಕೊಂಚ ಹೆಚ್ಚಿದರೆ ಅಂಗವು ಕೆಟ್ಟಿತೆಂದು ಅಂಜಬೇಕಾಗಿಲ್ಲ. ಬಾವು, ಜ್ವರ ಮುಂತಾದ ಹೊಸ ಲಕ್ಷಣ ತೋರಿದರೆ ಮಾತ್ರ ವೈದ್ಯರನ್ನು ಕಾಣಬೇಕು. ಮನೆಗೆಲಸವನ್ನು ತುಂಡು ತುಂಡಾಗಿ ಹಂಚಿ, ನೋವು ಕೆರಳುವ ಮೊದಲೇ ವಿರಮಿಸುವುದು ಲೇಸು. ಕೆಟ್ಟ ದಿನದಲ್ಲಿ ನಡಿಗೆ ಅಂಗಳದ ತನಕವಾದರೂ ಇರಲಿ.

ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದಾಗ ತೋಳು ನಡುಗುವವರು ಮೊಣಕೈಗೆ ದಿಂಬಿನ ಆಸರೆ ಕೊಟ್ಟುಕೊಳ್ಳಬಹುದು. ನೆಲದ ಮೇಲೆ ಕೂಡಲಾರದವರು ಕುರ್ಚಿಯಲ್ಲಿ ಕುಳಿತರೆ ಪೂಜೆಗೆ ಊನವಿಲ್ಲ. ಆ ಕುರ್ಚಿಯನ್ನು ಕೇಳದೆಯೇ ತಂದಿಡುವ ಕೆಲಸ ಮನೆಯ ಉಳಿದವರದು.